ಇಮೋ ಅಂದ್ರೆ ಚಿಕ್ಕಮ್ಮ

ಕೊರಿಯಾದಲ್ಲಿ ಇದ್ದು ಬಂದವನು ಅಂತ ಗೊತ್ತಾದ ಕೂಡಲೇ ಆಫೀಸಿನಲ್ಲಿ ಜನ ಕೇಳುವ ಪ್ರಶ್ನೆ ಒಂದೇ. "ಬೆಂಗಳೂರಲ್ಲಿ ಒರಿಜಿನಲ್ ಕೊರಿಯನ್ ಊಟ ಎಲ್ಲಿ ಸಿಗುತ್ತೆ?" ಇವರೆಲ್ಲ ಕೆ-ಡ್ರಾಮಾ ನೋಡಿ ನೋಡಿ ಹಸಿವು ಹೆಚ್ಚಿಸಿಕೊಂಡವರು. ಅವರ ತಪ್ಪೇನೂ ಇಲ್ಲ ಬಿಡಿ. ಆ ಧಾರಾವಾಹಿಗಳಲ್ಲಿ ಪ್ರೀತಿ, ಜಗಳ, ಆಸ್ತಿ ಪಾಲು ಏನೇ ನಡೆದರೂ ಅರ್ಧ ಭಾಗ ಊಟದ ಮೇಜಿನ ಸುತ್ತಲೇ ನಡೆಯುತ್ತೆ. ಈಗಂತೂ ನಮ್ಮ ಏರಿಯಾದ ಬೇಕರಿಯಲ್ಲೂ ‘ಕೊರಿಯನ್ ಬನ್’ ಅಂತ ಬೋರ್ಡು ಬಂದಿದೆ. ಬೆಳ್ಳುಳ್ಳಿ, ಬೆಣ್ಣೆ, ಚೀಸು ತುಂಬಿದ ಬನ್ನು. ರುಚಿಯಾಗಿಯೇ ಇದೆ. ಆದರೆ ಅದನ್ನು ತಿಂದು ಕೊರಿಯಾದ ಊಟ ಮಾಡಿದೆ ಅನ್ನೋದು, ಮಸಾಲೆಪುರಿ ತಿಂದು ಕರ್ನಾಟಕದ ಊಟ ಮಾಡಿದೆ ಅಂದ ಹಾಗೆ.

ಹೋಟೆಲಿನ ಹೆಸರು ಹೇಳುವ ಮೊದಲು ನಾನು ಎರಡು ವಿಷಯ ನೋಡೋಕೆ ಹೇಳ್ತೀನಿ. ಪಕ್ಕದ ಮೇಜಿನಲ್ಲಿ ಕೊರಿಯಾದವರು ಕೂತು ಉಣ್ಣುತ್ತಿದ್ದಾರಾ? ನೀವು ಕೇಳದೇ ಇದ್ದರೂ ಮೂರ್ನಾಲ್ಕು ಸಣ್ಣ ಬಟ್ಟಲುಗಳು ನಿಮ್ಮ ಮುಂದೆ ಬಂದು ಕೂತವಾ? ಎರಡಕ್ಕೂ ಹೌದು ಅನ್ನೋದಾದರೆ ಧೈರ್ಯವಾಗಿ ಊಟ ಮಾಡಿ.

ಆ ಸಣ್ಣ ಬಟ್ಟಲುಗಳ ಹೆಸರು ಬಾಂಚಾನ್. ನಮ್ಮ ಬಾಳೆಎಲೆಯ ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಸಾಲಾಗಿ ಬೀಳುತ್ತವಲ್ಲ, ಹಾಗೆ. ಸೋಯಾ ಕಾಳಿನ ಮೊಳಕೆಗೆ ಎಳ್ಳೆಣ್ಣೆ ಸವರಿದ್ದು ಒಂದು, ಬೇಯಿಸಿ ಹಿಂಡಿದ ಪಾಲಕ್ ಒಂದು, ಬದನೆಕಾಯಿ ಒಂದು, ಕಿಮ್ಚಿಯಂತೂ ಇದ್ದೇ ಇರುತ್ತೆ. ಖಾಲಿಯಾದರೆ ಮತ್ತೆ ಹಾಕ್ತಾರೆ, ದುಡ್ಡು ಕೇಳಲ್ಲ. ನಡುವೆ ಮುಚ್ಚಳ ಇರುವ ಸ್ಟೀಲ್ ಬಟ್ಟಲಲ್ಲಿ ಬಿಸಿ ಅನ್ನ, ಪಕ್ಕದಲ್ಲಿ ಒಂದು ಸೂಪು. ಕೊರಿಯಾದ ಭಾಷೆಯಲ್ಲಿ ಅನ್ನಕ್ಕೆ ‘ಬಾಪ್’ ಅಂತಾರೆ. ಊಟಕ್ಕೂ ಅದೇ ಮಾತು. ಬೆಳಿಗ್ಗೆ ಎದುರು ಸಿಕ್ಕವರು ಕೇಳೋದು "ಬಾಪ್ ಮೊಗೊಸ್ಸೊಯೊ?" ಅಂತ. ಅಂದ್ರೆ "ಊಟ ಆಯ್ತಾ?" ಇದನ್ನು ಕೇಳಿದ ಮೊದಲ ದಿನ ನನಗೆ ಅನುವಾದ ಬೇಕಾಗಲಿಲ್ಲ, ದನಿಯಲ್ಲೇ ಗೊತ್ತಾಯಿತು. ನಮ್ಮಮ್ಮ ಕುಂದಾಪುರದಿಂದ ಫೋನ್ ಮಾಡಿದರೂ ಮೊದಲ ಮಾತು "ಉಂಡ್ಯಾ?" ಅಂತಲೇ.

ನಮ್ಮವರು ಇಲ್ಲಿನ ಕೊರಿಯನ್ ಹೋಟೆಲಿಗೆ ಹೋದಾಗ ನಾನು ನೋಡಿದ್ದೇನು ಅಂದ್ರೆ, ಬಾಂಚಾನ್ ಬಂದ ಕೂಡಲೇ ಸ್ಟಾರ್ಟರ್ ಅಂದುಕೊಂಡು ಅಷ್ಟನ್ನೂ ಖಾಲಿ ಮಾಡ್ತಾರೆ. ಆಮೇಲೆ ಬರೀ ಅನ್ನ, ಬರೀ ಸೂಪು ನೋಡಿ "ಸಪ್ಪೆ ಅಲ್ವಾ?" ಅಂತಾರೆ. ಉಪ್ಪಿನಕಾಯಿಯನ್ನೆಲ್ಲ ಮೊದಲೇ ತಿಂದು ಮೊಸರನ್ನ ಸಪ್ಪೆ ಅಂದರೆ ಹೇಗೆ? ಒಂದು ಚಮಚ ಅನ್ನ, ಒಂದು ಚೂರು ಕಿಮ್ಚಿ, ಒಂದು ಗುಟುಕು ಸೂಪು, ಮತ್ತೆ ಅನ್ನ, ಈ ಸಲ ಪಾಲಕ್. ಪ್ರತಿ ತುತ್ತನ್ನೂ ನಾವೇ ಕಟ್ಟಿಕೊಳ್ಳಬೇಕು. ಅನ್ನ ತಿನ್ನೋಕೆ ಚಮಚವೇ ಸರಿ. ಚಾಪ್‌ಸ್ಟಿಕ್ ಪಕ್ಕದ ಬಟ್ಟಲುಗಳಿಗೆ. ಜಪಾನಿನವರ ಹಾಗೆ ಬಟ್ಟಲನ್ನು ಕೈಗೆತ್ತಿಕೊಂಡು ಬಾಯಿಗೆ ಹಿಡಿಯೋದು ಅಲ್ಲಿ ಅಷ್ಟು ಚೆನ್ನಾಗಿ ಕಾಣಲ್ಲ. ಮೇಜಿನಲ್ಲಿ ಹಿರಿಯರು ಇದ್ದರೆ ಅವರು ಚಮಚ ಎತ್ತಿದ ಮೇಲೆ ನಮ್ಮ ಸರದಿ. ಕಲ್ಲಿನ ಮಡಕೆಯಲ್ಲಿ ಅನ್ನ ಬಂದಿದ್ದರೆ ಇನ್ನೊಂದು ಸುಖ ಇದೆ. ಅನ್ನವನ್ನು ಬೇರೆ ಬಟ್ಟಲಿಗೆ ತೋಡಿಕೊಂಡು, ತಳ ಹಿಡಿದ ಅನ್ನಕ್ಕೆ ಬಿಸಿನೀರು ಹೊಯ್ದು ಮುಚ್ಚಿಡಬೇಕು. ಊಟ ಮುಗಿಯುವ ಹೊತ್ತಿಗೆ ಅದು ಘಮಘಮ ಗಂಜಿಯಾಗಿರುತ್ತೆ. ನಾವು ಮಜ್ಜಿಗೆಯಲ್ಲಿ ಊಟ ಮುಗಿಸುವ ಹಾಗೆ ಅವರು ಅದರಲ್ಲಿ ಮುಗಿಸ್ತಾರೆ. ಮನೆಯಲ್ಲಿ ಅನ್ನ ತಳ ಹಿಡಿದರೆ ಬೈಗುಳ ತಿನ್ನುವ ನಮಗೆ ಇದು ನಿಜಕ್ಕೂ ಆಶ್ಚರ್ಯ.

ಇಷ್ಟೆಲ್ಲ ಗೊತ್ತಾಗೋಕೆ ನನಗೆ ಸಮಯ ಹಿಡೀತು. 2023ರ ಫೆಬ್ರವರಿಯಲ್ಲಿ ಪ್ರಾಜೆಕ್ಟ್ ಕೆಲಸದ ಮೇಲೆ ಸೋಲ್ ನಗರದ ದಕ್ಷಿಣಕ್ಕಿರುವ ಪಾಂಗ್ಯೊಗೆ ಹೋದೆ. ನಮ್ಮ ವೈಟ್‌ಫೀಲ್ಡ್ ಥರ ಸಾಫ್ಟ್‌ವೇರ್ ಕಂಪನಿಗಳ ಜಾಗ. ಚಳಿ ಮೈನಸ್‌ನಲ್ಲಿತ್ತು. ಮೊದಲ ವಾರ ಸಂಜೆ ಹೋಟೆಲಿನ ಬಾಗಿಲು ತೆಗೆದರೆ ಕೇಳುವ ಪ್ರಶ್ನೆ, "ಒಬ್ಬರೇನಾ?" ಬೆರಳು ಒಂದು ತೋರಿಸಿದರೆ ತಲೆಯಾಡಿಸಿ ಇಲ್ಲ ಅಂತಾರೆ. ಅವಮಾನ ಮಾಡೋಕೆ ಅಲ್ಲ. ಮೇಜಿನ ಮೇಲೆ ಒಲೆ ಇಟ್ಟು ಮಾಂಸ ಸುಡುವ ಜಾಗಗಳಲ್ಲಿ, ದೊಡ್ಡ ಪಾತ್ರೆಯಲ್ಲಿ ಕುದಿಯುವ ಸಾರಿನಂಥ ಅಡುಗೆಯ ಜಾಗಗಳಲ್ಲಿ ಕನಿಷ್ಠ ಇಬ್ಬರ ಆರ್ಡರ್ ಇರಬೇಕು ಅನ್ನೋ ಪದ್ಧತಿ ಇದೆ. ಊಟವೇ ಇಬ್ಬರಿಗೆ, ನಾಲ್ವರಿಗೆ ಅಂತ ಹುಟ್ಟಿಕೊಂಡದ್ದು. ಒಬ್ಬರೇ ಉಣ್ಣೋದಕ್ಕೆ ಅಲ್ಲಿ ಒಂದು ಪದವೇ ಇದೆ, ‘ಹೋನ್‌ಬಾಪ್’. ಅದಕ್ಕೊಂದು ಹೆಸರು ಬೇಕಾಯಿತು ಅನ್ನೋದರಲ್ಲೇ ಗೊತ್ತಾಗುತ್ತೆ, ಅದು ಮಾಮೂಲಿ ವಿಷಯ ಆಗಿರಲಿಲ್ಲ ಅಂತ. ಈಗ ಒಬ್ಬಂಟಿ ಮನೆಗಳು ಹೆಚ್ಚಾಗಿ ಬದಲಾಗ್ತಾ ಇದೆ.

ನನ್ನನ್ನು ಕಾಪಾಡಿದ್ದು ಅಪಾರ್ಟ್‌ಮೆಂಟ್ ಕೆಳಗಿದ್ದ ಒಂದು ಸಣ್ಣ ಕಿಂಬಾಪ್ ಅಂಗಡಿ. ಅನ್ನ, ತರಕಾರಿಯನ್ನು ಕಡಲ ಪಾಚಿಯ ಹಾಳೆಯಲ್ಲಿ ಸುತ್ತಿ ಕತ್ತರಿಸಿ ಕೊಡೋದು ಕಿಂಬಾಪ್. ನಮ್ಮ ದರ್ಶಿನಿಯ ಹಾಗೆ ಬೇಗ ಬಂದು ಬೇಗ ತಿಂದು ಹೋಗುವ ಜಾಗ, ಒಬ್ಬರು ಬಂದರೂ ಯಾರೂ ಏನೂ ಅನ್ನಲ್ಲ. ನಡೆಸುತ್ತಿದ್ದದ್ದು ಅರವತ್ತರ ಆಸುಪಾಸಿನ ಒಬ್ಬ ಹೆಂಗಸು. ಎಲ್ಲರೂ ಅವರನ್ನು "ಇಮೋ!" ಅಂತ ಕೂಗ್ತಿದ್ದರು. ಹೆಸರು ಅಂದುಕೊಂಡಿದ್ದೆ. ಟೀಮಿನವರು ನಕ್ಕು ಹೇಳಿದರು, ಇಮೋ ಅಂದ್ರೆ ಅಮ್ಮನ ಅಕ್ಕತಂಗಿ. ಅಂದ್ರೆ ದೊಡ್ಡಮ್ಮ, ಚಿಕ್ಕಮ್ಮ. ಊರಿಗೆ ಊರೇ ಹೋಟೆಲಿನಾಕೆಯನ್ನು ಚಿಕ್ಕಮ್ಮ ಅನ್ನುತ್ತೆ! ಮರುದಿನ ನಾನೂ "ಇಮೋ" ಅಂದೆ. ಅವರು ತಿರುಗಿ ನೋಡಿ, ಕೇಳದೇ ಇದ್ದರೂ ಒಂದು ಮೊಟ್ಟೆ ಹುರಿದು ತಟ್ಟೆಗೆ ಹಾಕಿದರು.

ನನ್ನ ಕಷ್ಟ ಅಲ್ಲಿಗೆ ಮುಗೀತು. ಮುಗಿಯದೇ ಇದ್ದದ್ದು ನನ್ನ ರೂಮ್‌ಮೇಟ್‌ನ ಕಷ್ಟ.

ಅವನು ಸಿರ್ಸಿ ಕಡೆಯವನು, ಹುಟ್ಟಾ ಸಸ್ಯಾಹಾರಿ. ಮಾಂಸ ಬೇಡ ಅನ್ನೋದನ್ನು ಕೊರಿಯನ್ ಭಾಷೆಯಲ್ಲಿ ಬಾಯಿಪಾಠ ಮಾಡಿಕೊಂಡೇ ವಿಮಾನ ಹತ್ತಿದ್ದ. ತೊಂದರೆ ಏನು ಅಂದ್ರೆ, ಅಲ್ಲಿ ‘ಮಾಂಸ’ ಅಂದಾಗ ಜನರ ಮನಸ್ಸಿಗೆ ಬರೋದು ಹಂದಿ, ದನ, ಕೋಳಿ. ಮೀನು ಅದರಲ್ಲಿ ಲೆಕ್ಕಕ್ಕೇ ಬರಲ್ಲ. ತರಕಾರಿ ಸೂಪಿನ ನೀರನ್ನೇ ಬೆರಳಷ್ಟು ಉದ್ದದ ಒಣಮೀನು ಹಾಕಿ ಕುದಿಸಿರ್ತಾರೆ. ಕಿಮ್ಚಿಯಲ್ಲಿ ಉಪ್ಪು ಹಾಕಿ ಹುಳಿಸಿದ ಸಿಗಡಿಯೋ, ಮೀನಿನ ರಸವೋ ಇರುತ್ತೆ. ನನಗೆ ಮೊದಲ ಚಮಚದಲ್ಲೇ ತಿಳಿದಿತ್ತು. ಒಣ ಚಟ್ಲಿ ಚಟ್ನಿ ತಿಂದು ಬೆಳೆದ ಕರಾವಳಿಯ ಮೂಗು ಇದು, ಅದಕ್ಕೆ ಮೋಸ ಮಾಡೋದು ಕಷ್ಟ. ಆ ವಾಸನೆ ನನಗೆ ಊರಿನ ವಾಸನೆ. ಅವನಿಗೆ ಹೇಳಲೇಬೇಕಿತ್ತು, ಹೇಳಿದೆ. ಅವತ್ತಿಂದ ಅವನು ಹೊರಗಿನ ಊಟ ನಿಲ್ಲಿಸಿದ.

ಆಮೇಲೆ ನಡೆದದ್ದನ್ನು ನೋಡೋಕೆ ಬೇಜಾರಾಗ್ತಿತ್ತು. ಬೆಳಿಗ್ಗೆ ಬ್ರೆಡ್ಡು, ರಾತ್ರಿ ಕುಕ್ಕರಿನ ಅನ್ನಕ್ಕೆ ಊರಿಂದ ತಂದ ಪೌಡರು. ಮಧ್ಯಾಹ್ನ ಬಾಳೆಹಣ್ಣು. ಎರಡು ತಿಂಗಳಲ್ಲಿ ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡ. ಅದಕ್ಕಿಂತ ಕಷ್ಟ ಆಗಿದ್ದು ‘ಹ್ವೆಶಿಕ್’. ಕೆಲಸ ಮುಗಿಸಿ ಇಡೀ ಟೀಮ್ ಒಟ್ಟಿಗೆ ಊಟಕ್ಕೆ ಹೋಗೋದು. ಹಗಲು ಹೇಳಲಾಗದ ಮಾತು ಅಲ್ಲಿ ಹೇಳ್ತಾರೆ, ಹೊಸಬರು ನಮ್ಮವರಾಗೋದು ಅಲ್ಲಿ. ಇವನು ಲೆಟ್ಯೂಸ್ ಎಲೆಯಲ್ಲಿ ಒಂದಿಷ್ಟು ಅನ್ನ, ಸುಟ್ಟ ಬೆಳ್ಳುಳ್ಳಿ ಸುತ್ತಿಕೊಂಡು ಕೂತಿರ್ತಿದ್ದ. ಮೂರನೇ ಸಲ ಬರಲೇ ಇಲ್ಲ. ಮರುದಿನ ನಮ್ಮ ಟೀಮಿನ ಮುಖ್ಯಸ್ಥರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು, "ನಾವು ಅವರಿಗೆ ಏನಾದರೂ ಬೇಜಾರು ಮಾಡಿದ್ವಾ?"

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೀನಿನ ನೀರು, ಸಿಗಡಿ, ಬಾಳೆಹಣ್ಣು ಎಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಮ್ಮ ದೇವಸ್ಥಾನಕ್ಕೆ ಹೋದಾಗ ಉಣ್ಣುವ ಊಟ ಅವರಿಗೆ ಆಗುತ್ತಾ?" ಅಂದರು.

ಹಾಗೆ ಒಂದು ಶನಿವಾರ ನಾವು ಮೂವರೂ ಸೋಲ್ ನಗರದ ಜೋಗ್ಯೆಸಾ ಬೌದ್ಧ ದೇವಾಲಯದ ಎದುರಿನ ‘ಬಾಲ್ವೂ ಗೊಂಗ್ಯಾಂಗ್’ಗೆ ಹೋದೆವು. ಜೋಗ್ಯೆ ಪಂಥದವರೇ ನಡೆಸುವ ಜಾಗ. ಸೋಲ್‌ನ ಮೊದಲ ಮಿಶೆಲಿನ್ ಗೈಡ್‌ನಲ್ಲಿ, ಅಂದ್ರೆ 2017ರ ಆವೃತ್ತಿಯಲ್ಲಿ ಅದಕ್ಕೊಂದು ನಕ್ಷತ್ರ ಸಿಕ್ಕಿತ್ತು. ಬಾಲ್ವೂ ಅಂದ್ರೆ ಭಿಕ್ಷುಗಳ ಊಟದ ಬಟ್ಟಲು. ಮಠಗಳಲ್ಲಿ ಊಟ ಮುಗಿದ ಮೇಲೆ ಬಟ್ಟಲಿಗೆ ನೀರು ಹಾಕಿ, ಉಳಿಸಿಕೊಂಡ ಒಂದು ಮೂಲಂಗಿ ಚೂರಿನಿಂದ ಉಜ್ಜಿ ಆ ನೀರನ್ನೂ ಕುಡೀತಾರೆ. ಒಂದು ಅಗುಳೂ ದಂಡ ಆಗಬಾರದು. ಹೋಟೆಲಿನಲ್ಲಿ ಹಾಗೇನೂ ಮಾಡಿಸಲ್ಲ, ಗಾಬರಿ ಬೇಡ.

ಕೊರಿಯಾದ ದೇವಾಲಯದ ಅಡುಗೆಯಲ್ಲಿ ಮೀನು, ಮಾಂಸ ಇಲ್ಲ. ಜೊತೆಗೆ ಘಾಟಿನ ಐದು ಪದಾರ್ಥಗಳಿಗೂ ನಿಷೇಧ. ಬೆಳ್ಳುಳ್ಳಿ, ಈರುಳ್ಳಿ ಜಾತಿಯವು ನಾಲ್ಕು. ಐದನೆಯದರ ಹೆಸರು ‘ಹುಂಗೊ’. ಕೊರಿಯಾದಲ್ಲಿ ಅದು ಬೆಳೆಯೋದೇ ಇಲ್ಲ, ಆದರೂ ಪಟ್ಟಿಯಲ್ಲಿ ಇದೆ. ಟೀಮ್ ಮುಖ್ಯಸ್ಥರಿಗೂ ಅದೇನು ಅಂತ ಗೊತ್ತಿರಲಿಲ್ಲ. ಫೋನಿನಲ್ಲಿ ಹುಡುಕಿದರೆ, ಸಂಸ್ಕೃತದ ‘ಹಿಂಗು’ ಚೀನೀ ಭಾಷೆಯ ಮೂಲಕ ಹೋಗಿ ಹುಂಗೊ ಆಗಿದೆ. ಅಂದ್ರೆ ಇಂಗು! ನಮ್ಮಲ್ಲಿ ಬೆಳ್ಳುಳ್ಳಿ ಬಿಟ್ಟವರಿಗೆ ಇಂಗೇ ಗತಿ. ಅಲ್ಲಿ ಬೆಳ್ಳುಳ್ಳಿ ಬಿಟ್ಟವರು ಕಣ್ಣಲ್ಲೂ ಕಾಣದ ಇಂಗನ್ನೂ ಬಿಟ್ಟಿದ್ದಾರೆ. ನನ್ನ ರೂಮ್‌ಮೇಟ್ ಬ್ಯಾಗಿನ ಮೇಲೆ ಕೈ ಇಟ್ಟುಕೊಂಡು ನಕ್ಕ. ಅವನ ಬ್ಯಾಗಿನಲ್ಲಿ ಯಾವಾಗಲೂ ಒಂದು ಇಂಗಿನ ಡಬ್ಬಿ ಇರುತ್ತೆ, ಅವತ್ತೂ ಇತ್ತು.

ಊಟ ಒಂದೊಂದಾಗಿ ಬಂತು. ತೋಫು, ಅಣಬೆ, ಕಾಡುಸೊಪ್ಪು, ಮೀನಿಲ್ಲದ ಬೆಳ್ಳುಳ್ಳಿಯಿಲ್ಲದ ಕಿಮ್ಚಿ. ಕೊನೆಗೆ ತಾವರೆ ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದ ಅನ್ನ. ಅವನು ಎಲೆ ಬಿಚ್ಚಿದವನೇ ಮೂಗಿನ ಹತ್ತಿರ ಹಿಡಿದು, "ಅರಿಶಿನ ಎಲೆ ಕಡುಬು ಮಾರಾಯ" ಅಂದ. ಆಮೇಲೆ ಮಾತಿಲ್ಲ. ಮೂರು ತಿಂಗಳಲ್ಲಿ ಅವನು ಮೈಮರೆತು ಉಂಡದ್ದನ್ನು ನಾನು ನೋಡಿದ್ದು ಅವತ್ತೇ. ಎದುರಿಗೆ ಕೂತ ಮುಖ್ಯಸ್ಥರು ತಮ್ಮ ಬಟ್ಟಲಿನ ತೋಫುವನ್ನು ಸದ್ದಿಲ್ಲದೆ ಅವನ ಕಡೆ ಸರಿಸಿದರು. ಮುಂದಿನ ಹ್ವೆಶಿಕ್‌ಗೆ ಅವರು ಮೊದಲೇ ಫೋನ್ ಮಾಡಿ ಕಡಲ ಪಾಚಿಯ ನೀರಿನಲ್ಲೇ ಒಂದು ತೋಫು ಸಾರು ಮಾಡಿಸಿಟ್ಟಿದ್ದರು. ಅವನು ಬಂದ, ಹಾಡೂ ಹೇಳಿದ.

ಅಲ್ಲಿಂದಾಚೆ ನಾವಿಬ್ಬರೂ ಸೇರಿ ಹುಡುಕೋಕೆ ಶುರು ಮಾಡಿದೆವು. ಬೇಸಿಗೆಯಲ್ಲಿ ತಣ್ಣನೆಯ ಸೋಯಾ ಹಾಲಿನಲ್ಲಿ ನೂಡಲ್ಸ್ ಹಾಕಿ ಕೊಡುವ ‘ಕೋಂಗುಕ್ಸು’ ಸಿಕ್ಕಿತು. ಗ್ವಾಂಗ್‌ಜಾಂಗ್ ಮಾರ್ಕೆಟ್ಟಿನಲ್ಲಿ ಹೆಸರುಬೇಳೆ ನೆನೆಸಿ, ಕಲ್ಲಿನ ಗ್ರೈಂಡರಿನಲ್ಲಿ ಎಲ್ಲರ ಎದುರೇ ರುಬ್ಬಿ, ದಪ್ಪಗೆ ಹುಯ್ದು, ಎಣ್ಣೆಯಲ್ಲಿ ಕರಿದಂತೆ ಬೇಯಿಸುವ ‘ಬಿಂದೆತ್ತೊಕ್’ ಇದೆ. ನಮ್ಮ ಹೆಸರುಬೇಳೆ ದೋಸೆಯ ದೊಡ್ಡಣ್ಣ ಅನ್ನಬಹುದು. ಕೆಲವು ಕಡೆ ಹಂದಿಮಾಂಸ ಸೇರಿಸ್ತಾರೆ, ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು.

ನವೆಂಬರಿನಲ್ಲಿ ಇಮೋ ಅಂಗಡಿ ಎರಡು ದಿನ ಮುಚ್ಚಿತ್ತು. ಕಿಮ್‌ಜಾಂಗ್. ಚಳಿಗಾಲಕ್ಕೆ ಆಗುವಷ್ಟು ಕಿಮ್ಚಿಯನ್ನು ಮನೆಮಂದಿ, ನೆಂಟರು, ಅಕ್ಕಪಕ್ಕದವರು ಸೇರಿ ಹಾಕುವ ಕೆಲಸ. ಎಲೆಕೋಸನ್ನು ಸೀಳಿ ಉಪ್ಪಿನಲ್ಲಿ ರಾತ್ರಿಯಿಡೀ ಇಟ್ಟು, ತೊಳೆದು, ಪ್ರತಿ ಎಲೆಯ ನಡುವೆ ಮಸಾಲೆ ಹಚ್ಚಬೇಕು. ಹಾಕಿದ್ದನ್ನು ಹಂಚಲೇಬೇಕು. ಈ ಹಾಕುವ-ಹಂಚುವ ಪದ್ಧತಿಯನ್ನೇ ಯುನೆಸ್ಕೊ 2013ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಹಿಂದೆಲ್ಲ ಜಾಡಿಗಳನ್ನು ಮಣ್ಣಿನಲ್ಲಿ ಹೂಳುತ್ತಿದ್ದರು. ಅಪಾರ್ಟ್‌ಮೆಂಟಿನಲ್ಲಿ ಎಲ್ಲಿ ಹೂಳೋದು? ಅದಕ್ಕೇ ಈಗ ಕಿಮ್ಚಿಗೆ ಅಂತಲೇ ಬೇರೆ ಫ್ರಿಜ್ ಇದೆ. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ಇದನ್ನು ಹೇಳಿದರೆ ನಂಬಲೇ ಇಲ್ಲ. "ಉಪ್ಪಿನ್ಕಾಯಿಗೇ ಒಂದ್ ಫ್ರಿಜ್ಜಾ?" ಅಂದರು. ಆಮೇಲೆ ಸ್ವಲ್ಪ ಯೋಚಿಸಿ, ಉಪ್ಪಿನ ಸೊಳೆಗೂ ಅಂಥದ್ದೊಂದು ಇದ್ದರೆ ಒಳ್ಳೆಯದಿತ್ತು ಅಂದರು. ಹಲಸಿನ ತೊಳೆಯನ್ನು ಉಪ್ಪುನೀರಿಗೆ ಹಾಕಿ ಮಳೆಗಾಲಕ್ಕೆ ಇಟ್ಟುಕೊಳ್ಳುವವರಿಗೆ ಕಿಮ್ಚಿಯ ಲೆಕ್ಕ ಬೇಗ ಅರ್ಥ ಆಗುತ್ತೆ. ಹೊಸದಿದ್ದಾಗ ಒಂದು ರುಚಿ, ಹುಳಿ ಬಂದಾಗ ಇನ್ನೊಂದು, ತೀರ ಹಳೆಯದಾದರೆ ಕುದಿಸಿ ಸಾರು.

‘ಒರಿಜಿನಲ್’ ಅನ್ನೋ ಮಾತಿನ ಬಗ್ಗೆ ನನಗೆ ಸ್ವಲ್ಪ ಅನುಮಾನ ಬಂದಿದ್ದೂ ಅಲ್ಲೇ. ಕಿಮ್ಚಿಯ ಕೆಂಪು ಬಣ್ಣ ಮೆಣಸಿನಕಾಯಿಯದು. ಮೆಣಸಿನಕಾಯಿ ನಮಗೂ ಅವರಿಗೂ ಅಮೆರಿಕ ಖಂಡದಿಂದ ಬಂದದ್ದು, ಕೆಲವೇ ಶತಮಾನಗಳ ಹಿಂದೆ. ಕೊರಿಯಾದವರು ಮನೆ ಬದಲಾಯಿಸುವ ದಿನ ತರಿಸಿಕೊಂಡು ತಿನ್ನುವ ಕಪ್ಪು ಸಾಸಿನ ನೂಡಲ್ಸ್ ‘ಜಾಜಾಂಗ್‌ಮ್ಯೊನ್’ ಇಂಚಿಯೋನ್ ಬಂದರಿಗೆ ಬಂದ ಚೀನಾದ ಶಾಂಡೊಂಗ್ ಪ್ರಾಂತ್ಯದವರ ಕೊಡುಗೆ. ಅದಕ್ಕೆ ಇಂಚಿಯೋನ್‌ನಲ್ಲಿ ಒಂದು ಮ್ಯೂಸಿಯಮ್ಮೇ ಇದೆ. ಚೀನಾದವರು ತಿಂದರೆ ಇದು ನಮ್ಮದಲ್ಲ ಅಂತಾರೆ. ನಮ್ಮ ಗೋಬಿ ಮಂಚೂರಿಯ ಕಥೆಯೂ ಅದೇ ತಾನೆ? ಅದಕ್ಕೆ ಕೃತಕ ಬಣ್ಣ ಹಾಕಬಾರದು ಅಂತ 2024ರಲ್ಲಿ ಕರ್ನಾಟಕ ಸರ್ಕಾರವೇ ಆದೇಶ ಹೊರಡಿಸಬೇಕಾಯಿತು ಅಂದ ಮೇಲೆ ಅದು ನಮ್ಮದೇ ತಿಂಡಿ. ಇನ್ನು ‘ಬುದೆ ಜಿಗೆ’ ಅನ್ನೋ ಸಾರು. 1950-53ರ ಯುದ್ಧದ ನಂತರದ ಹಸಿವಿನ ದಿನಗಳಲ್ಲಿ ಅಮೆರಿಕದ ಸೇನಾ ಶಿಬಿರಗಳಿಂದ ಬಂದ ಡಬ್ಬಿ ಮಾಂಸ, ಸಾಸೇಜಿಗೆ ಕಿಮ್ಚಿ ಹಾಕಿ ಕುದಿಸಿದ್ದು. ಈಗ ಐಟಿ ಹುಡುಗರು ಅದರ ಮೇಲೆ ಚೀಸ್ ಹಾಕಿಸಿಕೊಂಡು ಬಿಯರ್ ಜೊತೆ ತಿಂತಾರೆ. ಹಾಗಾಗಿ ಚೀಸ್ ಹಾಕಿದ ಕೂಡಲೇ ಡೂಪ್ಲಿಕೇಟ್ ಅಂತ ನಾನು ಹೇಳಲಾರೆ.

ನನ್ನ ಅಳತೆ ಬೇರೆ. ಅಡುಗೆ ಮಾಡುವವರು ಊರು ಬಿಟ್ಟು ಬಂದ ಯಾರದೋ ಹೊಟ್ಟೆಗಾಗಿ ಮಾಡುತ್ತಿದ್ದರೆ ಆ ಊಟ ಕೆಡೋದು ಕಡಿಮೆ. ಚೆನ್ನೈ ಹತ್ತಿರ ಶ್ರೀಪೆರಂಬುದೂರಿನ ಕಡೆ ಹ್ಯುಂಡೈ ಕಾರ್ಖಾನೆ ಬಂದ ಮೇಲೆ ಆ ಊರಿನಲ್ಲಿ ಕೊರಿಯನ್ ಹೋಟೆಲುಗಳು ಬೇರು ಬಿಟ್ಟದ್ದು ಹಾಗೆ, ಅಲ್ಲಿನ ಎಂಜಿನಿಯರುಗಳಿಗಾಗಿ. ನಮ್ಮ ಬೈಲುಕುಪ್ಪೆಯಲ್ಲಿ 1961ರಿಂದ ಟಿಬೆಟಿನವರು ನೆಲೆಸಿದ್ದಾರೆ. ಅಲ್ಲಿ ಭಿಕ್ಷುಗಳ ಪಕ್ಕ ಕೂತು ತಿಂದ ಥುಕ್ಪಾ, ಹಬೆಯಲ್ಲಿ ಬೆಂದ ಟಿಂಗ್ಮೊ ಮುಂದೆ ಮಾಲಿನ ಮೋಮೊ ನನಗೆ ರುಚಿಸಲ್ಲ. ಬೆಂಗಳೂರಿಂದ ಹೈದರಾಬಾದ್ ಹೆದ್ದಾರಿಯಲ್ಲಿ ಪೆನುಕೊಂಡ ಸಿಗುತ್ತೆ. ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಊರು. 2019ರಲ್ಲಿ ಅಲ್ಲಿ ಕಿಯಾ ಕಾರು ತಯಾರಾಗೋಕೆ ಶುರುವಾದ ಮೇಲೆ ಅದರ ಸುತ್ತ ಕೊರಿಯನ್ ಅಕ್ಷರದ ಬೋರ್ಡುಗಳು ಎದ್ದಿವೆ. ನಾನೂ ನನ್ನ ರೂಮ್‌ಮೇಟೂ ಒಂದು ಭಾನುವಾರ ಹೋಗಿದ್ದೆವು. ಪಕ್ಕದ ಮೇಜಿನಲ್ಲಿ ಒಬ್ಬ ಕೊರಿಯಾದವರು ಒಂಟಿಯಾಗಿ ಕೂತು, ಫೋನನ್ನು ನೀರಿನ ಲೋಟಕ್ಕೆ ಒರಗಿಸಿಟ್ಟು ವಿಡಿಯೋ ಕಾಲ್‌ನಲ್ಲಿ ಯಾರಿಗೋ ತಮ್ಮ ತಟ್ಟೆ ತೋರಿಸುತ್ತಿದ್ದರು. ಭಾಷೆ ಅರೆಬರೆ ಬರುವ ನನಗೂ ಅತ್ತ ಕಡೆಯಿಂದ ಬಂದ ಪ್ರಶ್ನೆ ಸ್ಪಷ್ಟವಾಗಿ ಕೇಳಿಸಿತು. ಊಟದ್ದೇ.

ನನ್ನ ರೂಮ್‌ಮೇಟ್ ಈಗ ಬೆಂಗಳೂರಿನಲ್ಲೇ ಮನೆ ಮಾಡಿದ್ದಾನೆ, ಅವನ ತಾಯಿಯೂ ಜೊತೆಗಿದ್ದಾರೆ. ಚಳಿಗಾಲ ಬಂದರೆ ಅವನೇ ಕಿಮ್ಚಿ ಹಾಕ್ತಾನೆ. ಮೀನಿಲ್ಲ. ಅವರಮ್ಮ ಬೆಳ್ಳುಳ್ಳಿ ತಿನ್ನಲ್ಲ, ಹಾಗಾಗಿ ಅದೂ ಇಲ್ಲ. ಅದರ ಬದಲು ಧಾರಾಳವಾಗಿ ಇಂಗು. ಕೊರಿಯಾದ ಯಾವ ಮಠದಲ್ಲೂ ಅದನ್ನು ಒಳಗೆ ಬಿಡಲಾರರು. ಕಳೆದ ಸಲ ನನಗೊಂದು ಬಾಟಲಿ ಕೊಟ್ಟಿದ್ದ, ನಾನು ಊರಿಗೆ ಒಯ್ದೆ. ಅಮ್ಮ ಮುಚ್ಚಳ ತೆಗೆದು ಮೂಸಿ, ಏನೂ ಹೇಳದೆ ಕುಚ್ಚಲಕ್ಕಿ ಗಂಜಿಯ ಬಟ್ಟಲಿನ ಪಕ್ಕ ಇಟ್ಟುಕೊಂಡರು. ನಾಲ್ಕು ದಿನದಲ್ಲಿ ಬಾಟಲಿ ಖಾಲಿ. ತೊಳೆದು ಒಣಗಿಸಿ ನನ್ನ ಬ್ಯಾಗಿಗೇ ವಾಪಸ್ ಇಟ್ಟಿದ್ದರು.